ತಾತನ ಮಳೆ ಲೆಕ್ಕದಿಂದ ಬರ ಅಳೆಯೋದು ಹೇಗೆ?

ಪ್ರಶ್ನೆ (ಶ್ರೀನಿವಾಸಪುರ, ಕೋಲಾರ): ನಮ್ಮ ತಾತ 1972ರಿಂದ ಬರೆದಿಟ್ಟ ಮಳೆ ಪುಸ್ತಕ ಸಿಕ್ಕಿದೆ. ಅಂಚು ಗೆದ್ದಲು ತಿಂದಿದೆ, ಅಂಕಿ ಓದಬಹುದು. ಒಟ್ಟು ಮಳೆ ಅಷ್ಟೇನೂ ಕಮ್ಮಿಯಾಗಿಲ್ಲ, ಆದ್ರೂ ಮಾವಿನ ತೋಪು ಒಣಗ್ತಿದೆ. ಯಾಕೆ?

ಉತ್ತರ: ಎಸ್‌ಪಿಐ ಸೂಚ್ಯಂಕ (ವಾಡಿಕೆಗಿಂತ ಮಳೆ ಎಷ್ಟು ಹೆಚ್ಚು-ಕಮ್ಮಿ ಅಂತ ಅಳೆಯೋ ಅಂಕಿ) ಹಾಕಿ ನೋಡಿ. ಕನಿಷ್ಠ 30 ವರ್ಷದ ತಿಂಗಳವಾರು ಮಳೆ ಬೇಕು, ನಿಮ್ಮ ಹತ್ರ ಇದೆ. ರಾಗಿಗೆ 3 ತಿಂಗಳ ಮಳೆ ಒಟ್ಟು ಸೇರಿಸಿ ಲೆಕ್ಕ, ಕೆರೆ-ಬೋರ್‌ವೆಲ್‌ಗೆ 12 ಇಲ್ಲವೇ 24.

ಉತ್ತರ: ಎಸ್‌ಪಿಐ ಮಳೆ ಮಾತ್ರ ನೋಡುತ್ತೆ, ಬಿಸಿಲು ನೋಡಲ್ಲ. ಗಾಳಿ 1 ಡಿಗ್ರಿ ಬಿಸಿಯಾದ್ರೆ ಸುಮಾರು 7% ಹೆಚ್ಚು ನೀರಾವಿ ಹಿಡಿಯಬಲ್ಲದು. ಹಾಗಾಗಿ ನೆಲ, ಎಲೆಗಳಿಂದ ಹೆಚ್ಚು ನೀರು ಹೀರುತ್ತೆ. ಉಷ್ಣಾಂಶವೂ ಸೇರೋ ಎಸ್‌ಪಿಇಐ ಹಾಕಿ. ಪುಸ್ತಕದ ಫೋಟೋ ಇವತ್ತೇ ತೆಗೆದಿಡಿ, ದಯವಿಟ್ಟು.

ಪ್ರಶ್ನೆ ಕೇಳಿದವರು: ತೆಗೆದೆ ಸಾರ್. ಒಂದು ಪುಟದಲ್ಲಿ ‘ಉತ್ತರೆ ಕೈಕೊಟ್ಟಿತು, ರಾಗಿ ತೆನೆ ಜೊಳ್ಳು’ ಅಂತಿದೆ. ಮಳೆ ನಡುವಿನ ಒಣ ದಿನಗಳನ್ನೂ ಎಣಿಸ್ತೀನಿ.