‘ಟ್ರಾನ್ಸಿಷನಲ್ ಆಲ್ಬಂ’: ಸಂಕ್ರಮಣವೋ, ಸಂಧಿಕಾಲವೋ?

ಗೆಳೆಯರೇ,

ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ಎರಡನೇ ಆಲ್ಬಂ ‘ಎ ಸಾಸರ್‌ಫುಲ್ ಆಫ್ ಸೀಕ್ರೆಟ್ಸ್’ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ರಾಕ್ ಸಂಗೀತದವರು ಇದನ್ನು ‘ಟ್ರಾನ್ಸಿಷನಲ್ ಆಲ್ಬಂ’ ಅನ್ನುತ್ತಾರೆ, ಅಂದರೆ ತಂಡ ಒಂದು ರೂಪದಿಂದ ಇನ್ನೊಂದಕ್ಕೆ ದಾಟುತ್ತಿರುವಾಗ ಬಂದ ಆಲ್ಬಂ. ಇದಕ್ಕೆ ಕನ್ನಡದಲ್ಲಿ ಏನನ್ನೋದು? ‘ಆಲ್ಬಂ’ ಹಾಗೇ ಇರಲಿ, ತಕರಾರಿಲ್ಲ. (‘ಧ್ವನಿಸುರುಳಿ’ ಅಂದರೆ ಕ್ಯಾಸೆಟ್ಟೇ ಕಣ್ಣಮುಂದೆ ಬರುತ್ತದೆ. ಇದು 1968ರದ್ದು, ಗಾನತಟ್ಟೆ. ಸಾಸರ್ ಕೂಡ ತಟ್ಟೆಯೇ, ಅದು ಬೇರೆ ಮಾತು!) ತೊಡಕಿರುವುದು ಮೊದಲ ಪದದಲ್ಲಿ.

‘ಪರಿವರ್ತನೆ’ ನನಗೆ ಒಗ್ಗಲಿಲ್ಲ. ಅದರಲ್ಲಿ ಕೆಲಸ ಮುಗಿದ ಸದ್ದಿದೆ. ಭೂಪರಿವರ್ತನೆ ಆಯ್ತು ಅಂದರೆ ಗದ್ದೆ ಸೈಟಾಯ್ತು, ಅಷ್ಟೇ. ‘ಸ್ಥಿತ್ಯಂತರ’ ಸಂಪಾದಕೀಯದ ಪದ. ‘ತಿರುವು’ ಚೆನ್ನಾಗಿದೆ, ಆದರೆ ಅದು ಬೇರೆ ಥರದ ಆಲ್ಬಂಗೆ ಸಲ್ಲುವಂಥದ್ದು. ಬೀಟಲ್ಸ್‌ನ 1965ರ ‘ರಬ್ಬರ್ ಸೋಲ್’ ತೆಗೆದುಕೊಳ್ಳಿ. ಅದೇ ನಾಲ್ವರು, ಅದೇ ನಿರ್ಮಾಪಕ ಜಾರ್ಜ್ ಮಾರ್ಟಿನ್, ಹಾಡು ಕಟ್ಟುವ ರೀತಿ ಮಾತ್ರ ಬೇರೆ ಕಡೆಗೆ ತಿರುಗಿತು. ಅದು ತಿರುವು.

ಪಿಂಕ್ ಫ್ಲಾಯ್ಡ್ ಕತೆ ಹಾಗಲ್ಲ. 1967ರ ಮೊದಲ ಆಲ್ಬಂನ ಬಹುಪಾಲು ಹಾಡು ತಂಡದ ಗಾಯಕ, ಗಿಟಾರ್ ವಾದಕ ಸಿಡ್ ಬ್ಯಾರೆಟ್ ಬರೆದದ್ದು. ಆ ವರ್ಷದ ಕೊನೆಗೆ ಎಲ್‌ಎಸ್‌ಡಿ ಅನ್ನೋ ಮಾದಕವಸ್ತುವಿನ ಸೇವನೆ, ಕುಸಿಯುತ್ತಿದ್ದ ಮನಸ್ಸಿನ ಆರೋಗ್ಯ ಎರಡೂ ಸೇರಿ ಅವನು ವೇದಿಕೆ ಮೇಲೆ ಸುಮ್ನೆ ನಿಂತುಬಿಡುವ ಹಾಗಾಯಿತು. 1968ರ ಶುರುವಿನಲ್ಲಿ ಇನ್ನೊಬ್ಬ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಬಂದ. ಸ್ವಲ್ಪ ದಿನ ತಂಡದಲ್ಲಿ ಐವರಿದ್ದರು. ಏಪ್ರಿಲ್‌ನಲ್ಲಿ ಬ್ಯಾರೆಟ್ ಹೊರಗೆ ಹೋದದ್ದು ಅಧಿಕೃತವಾಯಿತು, ಜೂನ್‌ನಲ್ಲಿ ಆಲ್ಬಂ ಬಂತು. ಐವರೂ ಇರುವ ಆಲ್ಬಂ ಇದೊಂದೇ. ತಂಡದ ಬೇಸ್ ಗಿಟಾರ್ ವಾದಕ ರೋಜರ್ ವಾಟರ್ಸ್ ಬರೆದ ‘ಸೆಟ್ ದ ಕಂಟ್ರೋಲ್ಸ್ ಫಾರ್ ದ ಹಾರ್ಟ್ ಆಫ್ ದ ಸನ್’ ಹಾಡಿನಲ್ಲಿ ಬ್ಯಾರೆಟ್, ಗಿಲ್ಮೋರ್ ಇಬ್ಬರ ಗಿಟಾರೂ ಇವೆ.

ಇದರೊಳಗೆ ಹಳತೂ ಹೊಸತೂ ಒಟ್ಟಿಗೆ ಕೂತಿವೆ. ಹೆಸರು ಕೊಟ್ಟ ಹಾಡು ಸುಮಾರು ಹನ್ನೆರಡು ನಿಮಿಷದ್ದು, ಅದರಲ್ಲಿ ಸಾಹಿತ್ಯವೇ ಇಲ್ಲ. ವಾಟರ್ಸ್ ಮತ್ತು ಡ್ರಮ್ಸ್ ನುಡಿಸುವ ನಿಕ್ ಮೇಸನ್ ಲಂಡನ್ನಿನಲ್ಲಿ ಆರ್ಕಿಟೆಕ್ಚರ್ ಓದಿದವರು. ಆ ಹಾಡನ್ನು ಸ್ವರದಲ್ಲಿ ಬರೆಯದೆ ಕಾಗದದ ಮೇಲೆ ಏರಿಳಿತದ ನಕ್ಷೆಯ ಹಾಗೆ ಬಿಡಿಸಿಕೊಂಡಿದ್ದರು. ಇದೇ ತಂಡದ 1971ರ ದೀರ್ಘ ಹಾಡು ‘ಎಕೋಸ್’ ಕಡೆಗೆ ಹೋಗುವ ದಾರಿ ಇಲ್ಲೇ ಶುರು ಅಂತ ನನ್ನ ಲೆಕ್ಕ. ಆದರೆ ಆಲ್ಬಂ ಮುಗಿಯುವುದು ಬ್ಯಾರೆಟ್‌ನ ‘ಜಗ್‌ಬ್ಯಾಂಡ್ ಬ್ಲೂಸ್’ನಿಂದ. ಇಡೀ ಆಲ್ಬಂನಲ್ಲಿ ಅವನು ಬರೆದದ್ದು ಅದೊಂದೇ. ನಡುವೆ ಸಾಲ್ವೇಶನ್ ಆರ್ಮಿ ಅನ್ನೋ ಕ್ರೈಸ್ತ ಸೇವಾ ಸಂಸ್ಥೆಯ ವಾದ್ಯದವರು ಬಂದು ಊದುತ್ತಾರೆ. ಹೊಸಬರ ಮನೆಯಲ್ಲಿ ಕೊನೆಯ ಮಾತು ಹಳಬನದ್ದೇ. ಇದನ್ನು ತಿರುವು ಅನ್ನೋದು ಹೇಗೆ?

ಈಗ ‘ಸಂಕ್ರಮಣ’. ಹೊಸ ರಾಶಿಗೆ ಸೂರ್ಯ ಕಾಲಿಡುವ ಗಳಿಗೆ ಅದು. ಇಂಥ ಹೊತ್ತಿಗೆ ಅಂತ ಪಂಚಾಂಗದಲ್ಲಿ ಬರೆದಿರುತ್ತದೆ. ‘ಸಂಕ್ರಮಣ ಕಾಲ’ ಅಂತ ಹಿಗ್ಗಿಸಿ ಬಳಸುತ್ತೇವೆ, ನಿಜ. ಆದರೂ ಅದರಲ್ಲಿ ಒಳ್ಳೆಯದಕ್ಕೇ ಹೋಗುತ್ತಿದ್ದೇವೆ ಅನ್ನೋ ಎಳ್ಳುಬೆಲ್ಲದ ರುಚಿ ಜಾಸ್ತಿ, ಅಲ್ವಾ? ತಂಡ ಕಟ್ಟಿದವನೊಬ್ಬ ಕಳೆದುಹೋಗುತ್ತಿರುವ ಆಲ್ಬಂಗೆ ಅದು ಸಲ್ಲದು.

ನನ್ನ ಒಲವು ‘ಸಂಧಿಕಾಲ’ದ ಕಡೆಗೆ. ಹಗಲೂ ಅಲ್ಲ, ರಾತ್ರಿಯೂ ಅಲ್ಲ ಅನ್ನೋ ಅರ್ಥ ಅದರಲ್ಲಿ ಮೊದಲೇ ಇದೆ. ಶಾಲೆಯ ವ್ಯಾಕರಣವೂ ಸಹಾಯಕ್ಕೆ ಬರುತ್ತದೆ: ಗಿಲ್ಮೋರ್ ಬಂದದ್ದು ಆಗಮ, ಬ್ಯಾರೆಟ್ ಹೋದದ್ದು ಲೋಪ, ಎರಡೂ ಸೇರಿ ಕೊನೆಗೆ ಆದೇಶ. (ಇದನ್ನು ಬರಹದಲ್ಲಿ ಹಾಕಲ್ಲ, ಹೆದರಬೇಡಿ.)

ಎರಡು ಅನುಮಾನ ಉಳಿದಿವೆ. ‘ಸಂಧಿಕಾಲದ ಆಲ್ಬಂ’ ಅಂದರೆ ತಂಡದ ಸಂಧಿಕಾಲವೋ, ಆ ಕಾಲದ ಸಂಗೀತದ್ದೋ? 1968 ಅಂದಕೂಡಲೇ ಓದುಗರು ಎರಡನೆಯದನ್ನೇ ಹಿಡಿದುಬಿಟ್ಟರೆ? ಇನ್ನೊಂದು, ನವೋದಯದಿಂದ ನವ್ಯಕ್ಕೆ ‘ಹೊರಳಿದ’ ಕವಿತೆ ಅಂತ ಬರೆಯುತ್ತೇವಲ್ಲ, ಹಾಗೆ ‘ಹೊರಳುಗಾಲದ ಆಲ್ಬಂ’ ಅನ್ನಬಹುದಾ? ಅಚ್ಚಗನ್ನಡ, ಆದರೆ ಕಿವಿಗೆ ಇನ್ನೂ ಹೊಸತು.

‘ಸಂಧಿಕಾಲ’ವನ್ನಾಗಲೀ ‘ಹೊರಳು’ವನ್ನಾಗಲೀ ಒಂದೇ ಕೃತಿಗೆ ವಿಶೇಷಣವಾಗಿ ಬಳಸಿದ್ದು ಸಂಗೀತ ಅಥವಾ ಸಿನಿಮಾ ಬರಹಗಳಲ್ಲಿ ಕಂಡಿದ್ದರೆ ದಯವಿಟ್ಟು ಪೂರ್ತಿ ವಾಕ್ಯ ಕೊಡಿ. ಬರೀ ಪದ ಕೊಟ್ಟರೆ ಅದು ಹೇಗೆ ಕೂರುತ್ತದೆ ಅಂತ ಗೊತ್ತಾಗಲ್ಲ.