ಸಹಾಯ ಬೇಕು: ಅಮ್ಮನಿಗೆ ಕನ್ನಡ ಮಾತಾಡುವ ಥೆರಪಿಸ್ಟ್

ಎಲ್ಲರಿಗೂ ನಮಸ್ಕಾರ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ನಮ್ಮ ಮನೆಯೂ ಹೋಯಿತು. ಎಲ್ಲರ ಜೀವ ಉಳಿಯಿತು. ಆದರೆ ಅಮ್ಮನಿಗೆ ಆ ರಾತ್ರಿ ಇನ್ನೂ ಮುಗಿದಿಲ್ಲ. ಮಳೆ ಜೋರಾದರೆ ಸಾಕು, ಬ್ಯಾಗ್ ಹಿಡಿದು ಬಾಗಿಲ ಬಳಿ ಕೂರುತ್ತಾರೆ. ನಿದ್ದೆಯೇ ಇಲ್ಲ. "ಸುಮ್ನೆ ಹೆದರ್ತಾರೆ" ಅಂದವರೇ ಜಾಸ್ತಿ. ಅದು ನನಗೆ ತುಂಬಾ ನೋವು ಕೊಡುತ್ತದೆ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ತಾಳ್ಮೆಯಿಂದ ಕೇಳಿಸಿಕೊಂಡು, ಮನೋವೈದ್ಯರಿಗೆ ತೋರಿಸಿ ಅಂದರು. ವೈದ್ಯರು ಪಿಟಿಎಸ್‌ಡಿ (ದೊಡ್ಡ ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆ) ಅಂದಿದ್ದಾರೆ, ಇಎಂಡಿಆರ್ ಥೆರಪಿ ಹೇಳಿದ್ದಾರೆ. ಆ ನೆನಪನ್ನು ಮನಸ್ಸಿಗೆ ತಂದುಕೊಂಡು, ಥೆರಪಿಸ್ಟ್ ಬೆರಳು ಆಡಿಸಿದ ಹಾಗೆ ಕಣ್ಣು ಆಡಿಸಬೇಕಂತೆ.

ಯಾರಾದರೂ ಇದನ್ನು ಮಾಡಿಸಿಕೊಂಡಿದ್ದೀರಾ? ಶುರುವಿನಲ್ಲಿ ಕೆಟ್ಟ ಕನಸು ಜಾಸ್ತಿಯಾಯಿತಾ? ಮಡಿಕೇರಿ, ಮೈಸೂರು ಕಡೆ ಕನ್ನಡದಲ್ಲೇ ಮಾತಾಡುವ ಥೆರಪಿಸ್ಟ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಮುಂದಿನ ಮಳೆಗಾಲಕ್ಕೆ ಮೊದಲೇ ಶುರು ಮಾಡಿಸಬೇಕು.