ಅಪ್‌ಡೇಟ್: ಗರ್ಭಿಣಿಯರ ಮಲಬದ್ಧತೆಯ ಬಗ್ಗೆ ಕೇಳಿದ್ದೆ

ಹೊಟ್ಟೆ ಇನ್ನೂ ಬೆಳೆದೇ ಇಲ್ಲ, ಆದರೂ ಇಷ್ಟೊಂದು ಮಲಬದ್ಧತೆ ಏಕೆ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಮನಃಪೂರ್ವಕ ಧನ್ಯವಾದ. ವೈದ್ಯರನ್ನು ಕಂಡು ಬಂದೆ. ಮುಖ್ಯ ಕಾರಣ ಪ್ರೊಜೆಸ್ಟರಾನ್ ಎಂದರು. ಗರ್ಭಕೋಶ ಅವಧಿಗೆ ಮುನ್ನ ಬಿಗಿಯದಂತೆ ಕಾಯುವ ಈ ಹಾರ್ಮೋನು ಕರುಳಿನ ಅನೈಚ್ಛಿಕ ಸ್ನಾಯುಗಳನ್ನೂ ಸಡಿಲಿಸುತ್ತದೆ. ಮಲ ನಿಧಾನವಾಗಿ ಸಾಗುತ್ತದೆ. ಅಷ್ಟು ಹೊತ್ತೂ ದೊಡ್ಡ ಕರುಳು ಅದರ ನೀರನ್ನು ಹೀರುತ್ತಲೇ ಇರುತ್ತದೆ. ಕೊನೆಗೆ ಉಳಿಯುವುದು ಒಣಗಿದ ಗಟ್ಟಿ ಉಂಡೆಗಳು.

ಮುಟ್ಟಿಗೆ ಮುಂಚಿನ ದಿನಗಳಲ್ಲಿ ನನಗೆ ಹೊಟ್ಟೆ ಕಟ್ಟಿಕೊಳ್ಳುತ್ತಿದ್ದುದಕ್ಕೂ ಇದೇ ಕಾರಣವಿರಬಹುದಂತೆ. ಮುಟ್ಟು ಶುರುವಾದೊಡನೆ ಪ್ರೊಸ್ಟಗ್ಲಾಂಡಿನ್ ಎಂಬ, ದೇಹದಲ್ಲೇ ತಯಾರಾಗುವ ರಾಸಾಯನಿಕಗಳು ಕರುಳನ್ನು ಹಿಂಡುವುದರಿಂದ ಮಲ ಸಡಿಲವಾಗುತ್ತದೆ. ಇದನ್ನು ಹುಡುಗಿಯರಿಗೆ ಶಾಲೆಯಲ್ಲೇ ಹೇಳಿಕೊಡಬೇಕಿತ್ತು!

ಕಬ್ಬಿಣಾಂಶದ ಮಾತ್ರೆಯೂ ತೊಂದರೆ ಹೆಚ್ಚಿಸುತ್ತಿತ್ತು. ವೈದ್ಯರು ಅದನ್ನು ನಿಲ್ಲಿಸದೆ ಬೇರೆ ಬಗೆಯದನ್ನು ಬರೆದುಕೊಟ್ಟಿದ್ದಾರೆ. ನಾರಿನಂಶ, ನೀರು, ನಡಿಗೆ ಹೆಚ್ಚಿಸಿದ್ದೇನೆ. ಈಗ ಮೊದಲಿನಷ್ಟು ತಿಣುಕಬೇಕಾಗಿಲ್ಲ.